ಮೆದುಳಿನ ಹಿಂದಿನ ರಕ್ತನಾಳದ ಉಬ್ಬು: ಮೂಳೆ ಕೊರೆದು ಅಲ್ಲಿಗೆ ತಲುಪುವ ಬಗೆ

ಬಿಡದ ತಲೆನೋವಿಗೆಂದು ಮಾಡಿಸಿದ ಎಂಆರ್‌ಐ ವರದಿಯಲ್ಲಿ 'ಬೇಸಿಲಾರ್ ತುದಿಯ ಅನ್ಯೂರಿಸಂ' ಎಂಬ ಸಾಲು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಇನ್ನು ಕೆಲವರಿಗೆ ಆ ಹೆಸರು ಮೊದಲು ಕೇಳಿಸುವುದೇ ಐಸಿಯು ಬಾಗಿಲ ಹೊರಗೆ. ಬೆಳಗ್ಗೆಯವರೆಗೂ ಓಡಾಡಿಕೊಂಡಿದ್ದವರು ಕುಸಿದುಬಿದ್ದಿದ್ದಾರೆ, ಮೆದುಳಿನ ಸುತ್ತ ರಕ್ತ ಸೋರಿದೆ, ಒಡೆದ ಉಬ್ಬು ಹಿಂದಿನ ರಕ್ತನಾಳದಲ್ಲಿದೆ ಎಂದು ವೈದ್ಯರು ಹೇಳುತ್ತಿರುತ್ತಾರೆ. ಅದರ ಬೆನ್ನಿಗೇ ಕ್ಲಿಪ್, ಕಾಯಿಲ್, ಸ್ಕಲ್ ಬೇಸ್ ಸರ್ಜರಿ ಎಂಬ ಪದಗಳು ಬರುತ್ತವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಸಿಗುವುದು ಕೆಲವೊಮ್ಮೆ ಒಂದೆರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದು ಕಷ್ಟ.

ಈ ಉಬ್ಬು ಯಾವುದು, ಹಿಂದೆ ಇದ್ದರೆ ಏಕೆ ಅಷ್ಟು ಕಷ್ಟ, ಅಲ್ಲಿಗೆ ತಲುಪಲು ಶಸ್ತ್ರವೈದ್ಯರು ತಲೆಬುರುಡೆಯ ತಳವನ್ನೇ ಏಕೆ ಕೊರೆಯುತ್ತಾರೆ ಎಂಬುದನ್ನು ಮೊದಲಿನಿಂದ ನೋಡೋಣ.

## ಅನ್ಯೂರಿಸಂ ಎಂದರೆ

ಶುದ್ಧ ರಕ್ತ ಒಯ್ಯುವ ನಾಳಕ್ಕೆ ಅಪಧಮನಿ ಎನ್ನುತ್ತೇವೆ. ಮೆದುಳಿನ ಅಪಧಮನಿಗಳ ಗೋಡೆ ದೇಹದ ಉಳಿದೆಡೆಯ ಅಪಧಮನಿಗಳ ಗೋಡೆಗಿಂತ ತೆಳು. ಒಂದು ನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ರಕ್ತದ ರಭಸ ನೇರವಾಗಿ ಗೋಡೆಗೆ ಬಡಿಯುತ್ತದೆ. ವರ್ಷಗಟ್ಟಲೆ ಹೀಗೆ ಬಡಿಸಿಕೊಂಡ ಗೋಡೆ ಕೆಲವರಲ್ಲಿ ಸೋತು, ಹೊರಕ್ಕೆ ಉಬ್ಬಿಕೊಳ್ಳುತ್ತದೆ. ಆ ಉಬ್ಬೇ ಅನ್ಯೂರಿಸಂ. ಸಿಗರೇಟು, ಬೀಡಿ ಮತ್ತು ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇದಕ್ಕೆ ದೊಡ್ಡ ಕಾರಣಗಳು. ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೆ ಇದ್ದರೆ ಮೂರನೆಯವರಿಗೂ ಇರುವ ಸಾಧ್ಯತೆ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ.

ಉಬ್ಬಿಗೆ ಎರಡು ಭಾಗ. ಮೂಲ ನಾಳಕ್ಕೆ ಅಂಟಿಕೊಂಡಿರುವ ಕಿರಿದಾದ ಭಾಗ ಕತ್ತು. ಅದರಾಚೆ ಹಿಗ್ಗಿರುವುದು ಗುಮ್ಮಟ. ಒಡೆಯುವುದು ಸಾಮಾನ್ಯವಾಗಿ ಗುಮ್ಮಟ. ಶಸ್ತ್ರವೈದ್ಯರು ಕ್ಲಿಪ್ ಎಂಬ ಪುಟ್ಟ ಲೋಹದ ಚಿಮಟದಿಂದ ಮುಚ್ಚಲು ಹೊರಡುವುದು ಕತ್ತನ್ನು. ಈ ಎರಡು ಮಾತು ನೆನಪಿನಲ್ಲಿದ್ದರೆ ವೈದ್ಯರು ಹೇಳುವ ಅರ್ಧದಷ್ಟು ವಿಷಯ ಅರ್ಥವಾಗುತ್ತದೆ.

ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರ ಮೆದುಳಿನಲ್ಲಿ ಇಂಥ ಉಬ್ಬು ಇರುತ್ತದೆ. ಬಹುಪಾಲು ಜನರಲ್ಲಿ ಅದು ಒಡೆಯುವುದೇ ಇಲ್ಲ, ಇದೆ ಎಂಬುದು ಅವರಿಗೆ ತಿಳಿಯುವುದೂ ಇಲ್ಲ. ಆದರೆ ಒಡೆದರೆ ಮೆದುಳನ್ನು ಸುತ್ತುವರಿದ ನೀರಿನೊಳಗೆ ರಕ್ತ ನುಗ್ಗುತ್ತದೆ. ಕ್ಷಣದೊಳಗೆ ತಾರಕಕ್ಕೇರುವ ತಲೆನೋವು, ವಾಂತಿ, ಕತ್ತು ಬಿಗಿತ, ಪ್ರಜ್ಞೆ ತಪ್ಪುವುದು ಅದರ ಲಕ್ಷಣಗಳು. "ಜೀವಮಾನದಲ್ಲೇ ಇಂಥ ತಲೆನೋವು ಬಂದಿರಲಿಲ್ಲ" ಎಂದು ರೋಗಿ ಹೇಳಿದರೆ ವೈದ್ಯರು ತಡಮಾಡದೆ ಸಿಟಿ ಸ್ಕ್ಯಾನ್‌ಗೆ ಕಳಿಸುವುದು ಇದೇ ಕಾರಣಕ್ಕೆ. ಒಡೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಉಳಿಯುವುದಿಲ್ಲ. ಕೆಲವರು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಳ್ಳುತ್ತಾರೆ.

## 'ಹಿಂಭಾಗ' ಎಂದರೆ ತಲೆಯಲ್ಲಿ ಎಲ್ಲಿ?

ಹಿಂಭಾಗ ಎಂದ ಕೂಡಲೇ ಹಲವರು ಕೈಯನ್ನು ತಲೆಯ ಹಿಂಬದಿಗೆ ಒಯ್ಯುತ್ತಾರೆ. ಈ ಉಬ್ಬುಗಳಲ್ಲಿ ಹೆಚ್ಚಿನವು ಅಲ್ಲಿಲ್ಲ. ಎರಡೂ ಕಿವಿಗಳ ನಡುವೆ ಒಂದು ಗೆರೆ, ಮೂಗಿನ ಬುಡದಿಂದ ಹಿಂದಕ್ಕೆ ಒಂದು ಗೆರೆ ಎಳೆದರೆ ಅವು ಕೂಡುವ ಆಸುಪಾಸಿನಲ್ಲಿವೆ, ಅಂದರೆ ತಲೆಯ ನಟ್ಟನಡುವಿನ ಆಳದಲ್ಲಿ. ಯಾವ ಕಡೆಯಿಂದ ಹೊರಟರೂ ದೂರ.

ಮೆದುಳಿಗೆ ನಾಲ್ಕು ದೊಡ್ಡ ನಾಳಗಳು ರಕ್ತ ತರುತ್ತವೆ. ಕತ್ತಿನ ಮುಂಭಾಗದಲ್ಲಿ ಎರಡು ಕ್ಯಾರೋಟಿಡ್ ಅಪಧಮನಿಗಳು. ಮೆದುಳಿನ ರಕ್ತದ ಬಹುಪಾಲು ಇವುಗಳದ್ದೇ. ಹಿಂದಿನಿಂದ ಬರುವ ಎರಡಕ್ಕೆ ವರ್ಟಿಬ್ರಲ್ ಅಪಧಮನಿಗಳು ಎಂದು ಹೆಸರು. ಇವು ಕತ್ತಿನ ಆರನೆಯ ಕಶೇರುಕದಿಂದ ಮೊದಲ ಕಶೇರುಕದವರೆಗೆ ಮೂಳೆಯ ತೂತುಗಳೊಳಗೇ ಹತ್ತಿ, ತಲೆಬುರುಡೆಯ ತಳದಲ್ಲಿರುವ ದೊಡ್ಡ ರಂಧ್ರದ ಮೂಲಕ ಒಳಗೆ ನುಗ್ಗುತ್ತವೆ. ಒಳಗೆ ಹೋದ ಮೇಲೆ ಎರಡೂ ಕೂಡಿ ಒಂದೇ ನಾಳವಾಗುತ್ತವೆ. ಅದೇ ಬೇಸಿಲಾರ್ ಅಪಧಮನಿ. ಉದ್ದ ಸುಮಾರು 3 ಸೆಂಟಿಮೀಟರ್, ದಪ್ಪ 3ರಿಂದ 4 ಮಿಲಿಮೀಟರ್. ಮೇಲಿನ ತುದಿಯಲ್ಲಿ ಅದು ಎಡಕ್ಕೊಂದು ಬಲಕ್ಕೊಂದು ಕವಲಾಗುತ್ತದೆ. ಈ ಮೂರು ಸೆಂಟಿಮೀಟರ್ ನಾಳ, ಅದಕ್ಕೆ ಬಂದು ಸೇರುವ ಎರಡು ನಾಳ, ಅದರ ಕವಲುಗಳು ಒಟ್ಟಾಗಿ 'ಹಿಂದಿನ ರಕ್ತಸಂಚಾರ'.

ಬೇಸಿಲಾರ್ ನಾಳ ಮಲಗಿರುವ ಜಾಗವನ್ನು ಗಮನಿಸಬೇಕು. ಅದರ ಮುಂದೆ ಕ್ಲೈವಸ್ ಎಂಬ ಇಳಿಜಾರು ಮೂಳೆ. ಹಿಂದೆ, ಒತ್ತಿಕೊಂಡೇ, ಮೆದುಳಿನ ಕಾಂಡ. ಉಸಿರಾಟ, ರಕ್ತದೊತ್ತಡ, ಎಚ್ಚರ, ನುಂಗುವಿಕೆ, ಕಣ್ಣಿನ ಚಲನೆ ಎಲ್ಲದರ ಸೂತ್ರವೂ ಹೆಬ್ಬೆರಳಿನಷ್ಟು ದಪ್ಪದ ಈ ಕಾಂಡದೊಳಗಿದೆ. ಕೈಕಾಲುಗಳಿಗೆ ಹೋಗುವ ನರತಂತುಗಳೂ ಇದರೊಳಗಿಂದಲೇ ಇಳಿಯುತ್ತವೆ. ಒಂದು ಬದಿಯಲ್ಲಿ ಗಟ್ಟಿ ಮೂಳೆ, ಇನ್ನೊಂದು ಬದಿಯಲ್ಲಿ ಮುಟ್ಟಲೇಬಾರದ ಮೆದುಳು, ನಡುವಿನ ಸಂದಿಯಲ್ಲಿ ಉಬ್ಬು.

ಮೆದುಳಿನ ಅನ್ಯೂರಿಸಂಗಳಲ್ಲಿ ನೂರಕ್ಕೆ 10ರಿಂದ 15 ಮಾತ್ರ ಹಿಂದಿನ ರಕ್ತಸಂಚಾರದಲ್ಲಿ ಬರುತ್ತವೆ. ಅವುಗಳಲ್ಲಿ ಅತಿ ಹೆಚ್ಚು ಕಾಣುವುದು ಬೇಸಿಲಾರ್ ತುದಿಯಲ್ಲಿ. ಎಣಿಕೆ ಕಡಿಮೆಯಾದರೂ ಒಡೆಯುವ ಅಪಾಯ ಹೆಚ್ಚು. 2003ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದು ಒಡೆಯದ ಉಬ್ಬುಗಳನ್ನು ವರ್ಷಗಟ್ಟಲೆ ಗಮನಿಸಿ ನೋಡಿತು. 7ರಿಂದ 12 ಮಿಲಿಮೀಟರ್ ಗಾತ್ರದ ಉಬ್ಬು ಐದು ವರ್ಷದಲ್ಲಿ ಒಡೆಯುವ ಸಾಧ್ಯತೆ ಮುಂದಿನ ನಾಳಗಳಲ್ಲಿ ನೂರಕ್ಕೆ 2.6 ಇದ್ದರೆ, ಹಿಂದಿನ ಗುಂಪಿನಲ್ಲಿ 14.5. ಹಿಂದಿನ ಗುಂಪಿನಲ್ಲೇ 25 ಮಿಲಿಮೀಟರ್ ದಾಟಿದ ದೈತ್ಯ ಉಬ್ಬುಗಳಲ್ಲಿ ಅದು ನೂರಕ್ಕೆ 50. (ಆ ಅಧ್ಯಯನ ಹಿಂದಿನ ಗುಂಪಿಗೆ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಎಂಬ ಸೇತುವೆ ನಾಳದ ಉಬ್ಬುಗಳನ್ನೂ ಸೇರಿಸಿತ್ತು ಎಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು.)

## ಕಷ್ಟ ಇರುವುದು ಆಳದಲ್ಲಷ್ಟೇ ಅಲ್ಲ

ಬೇಸಿಲಾರ್ ತುದಿಯ ಹಿಂಬದಿಯಿಂದ ಕೂದಲೆಳೆಯಂಥ ಸಣ್ಣ ನಾಳಗಳು ಹೊರಟು ನೇರ ಮೆದುಳಿನ ಕಾಂಡದ ಮೇಲ್ಭಾಗಕ್ಕೂ ಥಲಾಮಸ್ ಎಂಬ ಭಾಗಕ್ಕೂ ಹೊಕ್ಕುತ್ತವೆ. ಇವಕ್ಕೆ ಪರ್ಫೊರೇಟರ್ ಎನ್ನುತ್ತಾರೆ. ಕೆಲವು ಅರ್ಧ ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ದೊಡ್ಡ ನಾಳವೊಂದು ಮುಚ್ಚಿದರೆ ಪಕ್ಕದ ನಾಳ ಕೆಲವೊಮ್ಮೆ ನೆರವಿಗೆ ಬರುತ್ತದೆ. ಇವಕ್ಕೆ ಅಂಥ ನೆರವು ಇಲ್ಲವೆಂದೇ ಹೇಳಬೇಕು. ಇಂಥ ಒಂದು ಎಳೆ ಕ್ಲಿಪ್‌ನಡಿ ಸಿಕ್ಕಿಬಿದ್ದರೂ ರೋಗಿ ಎಚ್ಚರಕ್ಕೆ ಬಾರದೇ ಇರಬಹುದು, ನೆನಪಿನ ಶಕ್ತಿ ಕಳೆದುಕೊಳ್ಳಬಹುದು, ಒಂದು ಬದಿ ಸ್ವಾಧೀನ ತಪ್ಪಬಹುದು. ಉಬ್ಬು ದೊಡ್ಡದಾದಷ್ಟೂ ಈ ಎಳೆಗಳು ಅದರ ಬೆನ್ನಿಗೆ ಅಂಟಿ, ಮುಂದಿನಿಂದ ನೋಡುವ ವೈದ್ಯರ ಕಣ್ಣಿಗೆ ಬೀಳದಂತೆ ಅಡಗಿರುತ್ತವೆ.

ಎರಡನೆಯದು ನರಗಳು. ಮೆದುಳಿನ ಕಾಂಡದಿಂದ ಹೊರಡುವ ಕಪಾಲ ನರಗಳು ಈ ಸಂದಿಯನ್ನು ಅಡ್ಡಹಾದು ಹೋಗುತ್ತವೆ. ಮೇಲೆ ಕಣ್ಣುಗುಡ್ಡೆಯನ್ನು ತಿರುಗಿಸುವ ಮೂರನೆಯ ನರ, ಮಧ್ಯದಲ್ಲಿ ಮುಖದ ಸ್ಪರ್ಶ, ಮುಖದ ಸ್ನಾಯು ಮತ್ತು ಕಿವಿಯ ನರಗಳು, ಕೆಳಗೆ ನುಂಗಲು, ಮಾತಾಡಲು, ನಾಲಿಗೆ ಆಡಿಸಲು ಬೇಕಾದ ನರಗಳು. ಶಸ್ತ್ರವೈದ್ಯರು ಉಪಕರಣ ಆಡಿಸುವುದು ಇವುಗಳ ನಡುವಿನ ಕೆಲವೇ ಮಿಲಿಮೀಟರ್ ಜಾಗದಲ್ಲಿ.

ಮೂರನೆಯ ಕಷ್ಟ ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಉಬ್ಬನ್ನು ಮುಟ್ಟುವ ಮೊದಲು ಅದಕ್ಕೆ ರಕ್ತ ತರುವ ನಾಳದ ಮೇಲೆ ಒಂದು ಕಡೆ ಹಿಡಿತ ಸಿಗಬೇಕು. ಕೆಲಸದ ನಡುವೆ ಉಬ್ಬು ಒಡೆದರೆ ಆ ಜಾಗದಲ್ಲಿ ತಾತ್ಕಾಲಿಕ ಕ್ಲಿಪ್ ಹಾಕಿ ರಕ್ತವನ್ನು ನಿಲ್ಲಿಸಲು ಅದು ಬೇಕೇಬೇಕು. ಕ್ಯಾರೋಟಿಡ್ ಆದರೆ ಕುತ್ತಿಗೆಯಲ್ಲೇ ಹಿಡಿಯಬಹುದು. ಬೇಸಿಲಾರ್‌ಗೆ ಆ ಅನುಕೂಲ ಇಲ್ಲ. ಹಿಡಿತದ ಜಾಗವೂ ಅದೇ ಇಕ್ಕಟ್ಟಿನೊಳಗೆ, ಉಬ್ಬಿನ ಕೆಳಗೆ ಇರುತ್ತದೆ.

ಚರಿತ್ರೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಅಮೆರಿಕದ ವಾಲ್ಟರ್ ಡ್ಯಾಂಡಿ ಮೆದುಳಿನ ಅನ್ಯೂರಿಸಂ ಒಂದರ ಕತ್ತಿಗೆ ಮೊದಲ ಬಾರಿ ಬೆಳ್ಳಿಯ ಕ್ಲಿಪ್ ಹಾಕಿದ್ದು 1937ರಲ್ಲಿ. ಅದು ಮುಂದಿನ ಕ್ಯಾರೋಟಿಡ್ ನಾಳದ ಉಬ್ಬು. ಬೇಸಿಲಾರ್ ಉಬ್ಬುಗಳ ಮೇಲೆ ನೇರವಾಗಿ ಶಸ್ತ್ರಕ್ರಿಯೆ ನಡೆಸಿದ ಅನುಭವವನ್ನು ಕೆನಡಾದ ಲಂಡನ್ ನಗರದ ಚಾರ್ಲ್ಸ್ ಡ್ರೇಕ್ ಪ್ರಕಟಿಸಿದ್ದು 1961ರಲ್ಲಿ, ನಾಲ್ಕೇ ರೋಗಿಗಳ ವರದಿಯಾಗಿ. ಮುಂದೆ ಅವರ ತಂಡ ಹಿಂದಿನ ರಕ್ತಸಂಚಾರದ ಅನ್ಯೂರಿಸಂ ಇದ್ದ 1,767 ರೋಗಿಗಳ ಅನುಭವವನ್ನು ದಾಖಲಿಸಿತು. ಪ್ರಪಂಚದ ಉದ್ದಗಲದಿಂದ ರೋಗಿಗಳು ಅಲ್ಲಿಗೆ ಹೋಗುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಝೂರಿಕ್‌ನ ಗಾಝಿ ಯಾಸರ್ಗಿಲ್ ಮೆದುಳಿನ ಶಸ್ತ್ರಕ್ರಿಯೆಯಲ್ಲಿ ಸೂಕ್ಷ್ಮದರ್ಶಕದ ಬಳಕೆಯನ್ನು ಬೆಳೆಸಿದ ಮೇಲೆ ಆ ಕೂದಲೆಳೆಗಳನ್ನು ಸ್ಪಷ್ಟವಾಗಿ ಕಂಡು ಬಿಡಿಸುವುದು ಸಾಧ್ಯವಾಯಿತು.

## ಮೆದುಳನ್ನು ಸರಿಸುವ ಬದಲು ಮೂಳೆ ತೆಗೆಯುವುದು

ಹಿಂದೆಲ್ಲ ಆಳಕ್ಕೆ ತಲುಪಲು ಚಪ್ಪಟೆ ಲೋಹದ ಪಟ್ಟಿಗಳಿಂದ ಮೆದುಳನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತಿದ್ದರು. ಒತ್ತಿದ ಕಡೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಮೆದುಳು ಜಜ್ಜಿ ಊದಿಕೊಳ್ಳುತ್ತದೆ. ರಕ್ತಸ್ರಾವವಾಗಿ ಮೊದಲೇ ಊದಿರುವ ಮೆದುಳನ್ನಂತೂ ಒತ್ತುವುದು ಇನ್ನೂ ಅಪಾಯ. ಉಬ್ಬಿನ ಕೆಲಸ ಚೆನ್ನಾಗಿ ಮುಗಿದರೂ ಒತ್ತಿದ್ದರಿಂದಲೇ ರೋಗಿಗೆ ಮಾತು ಹೋದ, ಫಿಟ್ಸ್ ಬಂದ ಸಂದರ್ಭಗಳಿದ್ದವು.

1980ರ ದಶಕದಲ್ಲಿ ಬಲಗೊಂಡ ಸ್ಕಲ್ ಬೇಸ್, ಅಂದರೆ ಬುರುಡೆಯ ತಳದ, ಶಸ್ತ್ರಕ್ರಿಯೆಯ ಮೂಲತತ್ವ ಸರಳ: ಮೂಳೆಯನ್ನು ತೆಗೆದು ಮತ್ತೆ ಕೂರಿಸಬಹುದು, ಕೆಲವು ಕಡೆ ಕೊರೆದು ಬಿಟ್ಟೇಬಿಡಬಹುದು, ಜಜ್ಜಿದ ಮೆದುಳನ್ನು ಸರಿಮಾಡಲಾಗದು. ಆದ್ದರಿಂದ ಬುರುಡೆಯ ತಳದ ಮೂಳೆಯನ್ನು ಬೇಕಾದಷ್ಟು ತೆಗೆದು, ಮೆದುಳನ್ನು ಇದ್ದಲ್ಲೇ ಇರಲು ಬಿಟ್ಟು, ಅದರ ಕೆಳಗಿನಿಂದ ಹೋಗು.

ಮೂಳೆ ತೆಗೆದರೆ ದಾರಿ ಅಗಲವಾಗುತ್ತದೆ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ನೋಟದ ಕೋನ ಬದಲಾಗುವುದು ಅದಕ್ಕಿಂತ ದೊಡ್ಡ ಲಾಭ. ಕೋಣೆಯೊಳಗೆ ಕೂತು ಕಿಟಕಿಯಾಚೆಯ ಎತ್ತರದ ಮರದ ತುದಿ ನೋಡಬೇಕೆಂದಿಟ್ಟುಕೊಳ್ಳಿ. ಕಿಟಕಿಯ ಕೆಳಗಿನ ಗೋಡೆ ಎತ್ತರವಿದ್ದರೆ ತಲೆ ತಗ್ಗಿಸಿದೊಡನೆ ಗೋಡೆಯೇ ಅಡ್ಡ ಬರುತ್ತದೆ. ಆ ಗೋಡೆಯನ್ನು ಕೆಳಗಿನವರೆಗೆ ಒಡೆದರೆ ನೆಲಕ್ಕೆ ತಲೆ ತಾಗಿಸಿ ಮೇಲಕ್ಕೆ ಕಣ್ಣು ಹಾಯಿಸಬಹುದು, ತುದಿ ಕಾಣುತ್ತದೆ. ಕಣ್ಣಿನ ಗುಳಿಯ ಅಂಚು, ಕೆನ್ನೆಯ ಮೂಳೆಯ ಕಮಾನು ಇವನ್ನು ತೆಗೆಯುವುದು ಇಂಥದ್ದೇ ಕಾರಣಕ್ಕೆ. ಅವು ಉಬ್ಬಿನ ಹತ್ತಿರ ಎಲ್ಲೂ ಇಲ್ಲ. ಆದರೆ ಅವು ಇಲ್ಲದಿದ್ದಾಗ ಸೂಕ್ಷ್ಮದರ್ಶಕವನ್ನು ಕೆಳಕ್ಕಿಳಿಸಿ, ಮೆದುಳಿನಡಿಯಿಂದ ಮೇಲ್ಮುಖವಾಗಿ ನೋಡಲು ಸಾಧ್ಯ.

ಇದರ ಜೊತೆಗೆ ಮೆದುಳನ್ನು ಸುತ್ತುವರಿದ ನೀರನ್ನು ಸ್ವಲ್ಪ ಹೊರಬಿಡುತ್ತಾರೆ, ಊತ ಇಳಿಸುವ ಔಷಧ ಕೊಡುತ್ತಾರೆ, ತಲೆಯನ್ನು ಮೆದುಳು ತನ್ನ ಭಾರಕ್ಕೆ ತಾನೇ ಸರಿದುಕೊಳ್ಳುವ ಹಾಗೆ ವಾಲಿಸಿ ಇಡುತ್ತಾರೆ.

## ಯಾವ ಎತ್ತರದ ಉಬ್ಬಿಗೆ ಯಾವ ದಾರಿ

ದಾರಿಯನ್ನು ನಿರ್ಧರಿಸುವುದು ಮುಖ್ಯವಾಗಿ ಉಬ್ಬಿನ ಎತ್ತರ: ನಾಳದ ಮೇಲ್ತುದಿಯಲ್ಲೋ, ನಡುವಿನಲ್ಲೋ, ಬುಡದಲ್ಲೋ. ಗುಮ್ಮಟ ಯಾವ ಕಡೆ ಮುಖ ಮಾಡಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೇಲ್ತುದಿ. ಇಲ್ಲಿಗೆ ಎರಡು ಹಳೆಯ ದಾರಿಗಳಿವೆ. ಡ್ರೇಕ್ ಅವರದ್ದು ಕಿವಿಯ ಮೇಲಿನಿಂದ, ಮೆದುಳಿನ ಪಕ್ಕದ ಹಾಲೆಯನ್ನು ಮೆಲ್ಲನೆ ಎತ್ತಿ, ಅದರಡಿಯಿಂದ ಹೋಗುವ ದಾರಿ. ಪಕ್ಕದಿಂದ ನೋಡುವುದರಿಂದ ಉಬ್ಬಿನ ಹಿಂದಿನ ಕೂದಲೆಳೆ ನಾಳಗಳು ಚೆನ್ನಾಗಿ ಕಾಣುತ್ತವೆ. ಆದರೆ ಹಾಲೆಯನ್ನು ಎತ್ತಲೇಬೇಕು, ಆಚೆ ಬದಿಯ ಕವಲು ಕಾಣುವುದು ಕಷ್ಟ. ಯಾಸರ್ಗಿಲ್ ಅವರದ್ದು ಹಣೆಯ ಪಕ್ಕದಿಂದ, ಮೆದುಳಿನ ಎರಡು ಹಾಲೆಗಳ ನಡುವಿನ ಸಹಜ ಸೀಳನ್ನು ಬಿಡಿಸಿಕೊಂಡು ಹೋಗುವ ದಾರಿ. ಇದರಲ್ಲಿ ಎರಡೂ ಕವಲು ಕಾಣುತ್ತವೆ, ಆದರೆ ಆ ಎಳೆಗಳು ಉಬ್ಬಿನ ಮರೆಯಲ್ಲಿ ಉಳಿಯುತ್ತವೆ. ಒಂದರ ಬಲವೇ ಇನ್ನೊಂದರ ಕೊರತೆ. ಹೀಗಾಗಿ ಎರಡರ ನಡುವಿನ ಕೋನದಿಂದ ಹೋಗುವವರೂ ಇದ್ದಾರೆ.

ಇದಕ್ಕೆ ಸ್ಕಲ್ ಬೇಸ್ ತಂತ್ರ ಸೇರಿಸಿದ್ದು ಆರ್ಬಿಟೋಝೈಗೋಮ್ಯಾಟಿಕ್ ಎಂಬ ಉದ್ದ ಹೆಸರಿನ ವಿಧಾನ. ಕಣ್ಣಿನ ಗುಳಿಯ ಮೇಲಿನ ಮತ್ತು ಹೊರಗಿನ ಅಂಚು, ಕೆನ್ನೆಮೂಳೆಯ ಕಮಾನು ಇವನ್ನು ಕತ್ತರಿಸಿ ತೆಗೆದು, ಕೆಲಸ ಮುಗಿದ ಮೇಲೆ ಪುಟ್ಟ ಲೋಹದ ಪಟ್ಟಿ ಮತ್ತು ಸ್ಕ್ರೂಗಳಿಂದ ಮತ್ತೆ ಜೋಡಿಸುತ್ತಾರೆ. ಬೇಸಿಲಾರ್ ತುದಿ ಕೆಲವರಲ್ಲಿ ಮಾಮೂಲಿಗಿಂತ ಎತ್ತರದಲ್ಲಿರುತ್ತದೆ. ಅಂಥವರಿಗೆ ಮೇಲ್ಮುಖ ನೋಟ ಕೊಡುವ ಈ ದಾರಿಯಿಂದ ತುಂಬ ಉಪಯೋಗ. ಇನ್ನು ಕೆಲವರಲ್ಲಿ ತುದಿ ತಗ್ಗಿನಲ್ಲಿ, ಮೂಳೆಯ ಚಾಚೊಂದರ ಮರೆಯಲ್ಲಿ ಅಡಗಿರುತ್ತದೆ. ಆಗ ಆ ಚಾಚನ್ನೇ ಕೊರೆದು ತೆಗೆಯಬೇಕು. ಸ್ಲೊವೇನಿಯಾದ ಲ್ಯೂಬ್ಲಿಯಾನಾದಲ್ಲಿ ಕೆಲಸ ಮಾಡಿದ ವಿಂಕೊ ಡೊಲೆಂಕ್ 1980ರ ದಶಕದಲ್ಲಿ ಕೆವರ್ನಸ್ ಸೈನಸ್ ಎಂಬ, ಅಶುದ್ಧ ರಕ್ತ ತುಂಬಿದ ಪೊಟರೆಯನ್ನು ತೆರೆದು ಹಾದುಹೋಗುವ ಮಾರ್ಗವನ್ನು ರೂಪಿಸಿದರು. ಆ ಕಾಲದಲ್ಲಿ ಆ ಪೊಟರೆಯನ್ನು ಮುಟ್ಟಲು ಹೆಚ್ಚಿನವರು ಹಿಂಜರಿಯುತ್ತಿದ್ದರು. ಈ ದಾರಿಯಲ್ಲಿ ಮೂರನೆಯ ನರವನ್ನು ಅದರ ಕವಚದಿಂದ ಬಿಡಿಸಿ ಸಡಿಲಿಸಬೇಕಾಗುತ್ತದೆ. ಆಪರೇಷನ್ ನಂತರ ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು ಅದರಿಂದ. ಬಹಳಷ್ಟು ರೋಗಿಗಳಲ್ಲಿ ಇದು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ.

ನಡುಭಾಗ. ಇದೇ ಅತಿ ಕಠಿಣ. ಮುಂದೆ ಕ್ಲೈವಸ್, ಎರಡೂ ಪಕ್ಕ ಪೆಟ್ರಸ್ ಮೂಳೆ. ಒಳಕಿವಿಯನ್ನು ಸುತ್ತಿಕೊಂಡಿರುವ ಪೆಟ್ರಸ್‌ನ ಭಾಗ ಇಡೀ ದೇಹದಲ್ಲೇ ಅತ್ಯಂತ ಗಟ್ಟಿ ಮೂಳೆ. ಅದರೊಳಗೆ ಕೇಳುವ ಸುರುಳಿ, ಸಮತೋಲ ಕಾಯುವ ಮೂರು ಅರ್ಧವೃತ್ತ ನಾಳಗಳು, ಮುಖದ ನರ, ಕ್ಯಾರೋಟಿಡ್ ಅಪಧಮನಿ ಎಲ್ಲ ಒತ್ತೊತ್ತಾಗಿ ಹುದುಗಿವೆ. ಜಪಾನಿನ ತಾಕೇಶಿ ಕವಾಸೆ ಇವೆಲ್ಲವನ್ನೂ ತಪ್ಪಿಸಿ, ಆ ಮೂಳೆಯ ಒಳತುದಿಯಲ್ಲಿ ಯಾವುದೇ ಮುಖ್ಯ ಅಂಗ ಇಲ್ಲದ ಒಂದು ಸಣ್ಣ ಜಾಗವನ್ನು ಗುರುತಿಸಿದರು. 1985ರಲ್ಲಿ ಅವರು ಪ್ರಕಟಿಸಿದ ವಿಧಾನ ಬೇಸಿಲಾರ್‌ನ ಕೆಳಭಾಗದ ಅನ್ಯೂರಿಸಂಗಳಿಗೆಂದೇ ರೂಪಿಸಿದ್ದು. ಈಗ ಆ ಜಾಗಕ್ಕೆ ಅವರದೇ ಹೆಸರು, ಕವಾಸೆ ತ್ರಿಕೋನ. ಮುಂದೆ ಮುಖದ ಸ್ಪರ್ಶದ ನರ, ಹೊರಗೆ ಕ್ಯಾರೋಟಿಡ್‌ನ ಮೇಲೆ ಹಾಯುವ ಒಂದು ಎಳೆ ನರ, ಹಿಂದೆ ಒಳಕಿವಿ: ಈ ಗಡಿಗಳೊಳಗೆ ವಜ್ರದ ಪುಡಿ ಲೇಪಿಸಿದ ಡ್ರಿಲ್‌ನಿಂದ, ಮೂಳೆ ಬಿಸಿಯಾಗದಂತೆ ನೀರು ಹರಿಸುತ್ತ, ಪದರ ಪದರವಾಗಿ ಮೂಳೆಯನ್ನು ಸವೆಸುತ್ತಾರೆ. ಮೂಳೆ ತೆಳುವಾದಂತೆ ಅದರ ಬಣ್ಣ ಬದಲಾಗುತ್ತದೆ. ಅರ್ಧವೃತ್ತ ನಾಳದ ಸನಿಹ ಬಂದಾಗ ಮೂಳೆಯೊಳಗಿಂದ ನೀಲಿ ಗೆರೆಯೊಂದು ಮಿಸುಕಿದಂತೆ ಕಾಣುತ್ತದೆ. ಅಲ್ಲಿಗೆ ಡ್ರಿಲ್ ನಿಲ್ಲಬೇಕು. ಇನ್ನೊಂದು ಸುತ್ತು ಹೋದರೆ ಆ ಕಿವಿಯ ಶ್ರವಣಶಕ್ತಿಗೆ ಕುತ್ತು. ನರಗಳನ್ನು ಮುಟ್ಟದೆ ಈ ಮೂಳೆ ಕೊರೆಯುವುದನ್ನು ಕಲಿಯಲು ಶಸ್ತ್ರವೈದ್ಯರು ದಾನವಾಗಿ ಬಂದ ಮೃತದೇಹಗಳ ಮೇಲೆ ವರ್ಷಗಳ ಕಾಲ ಅಭ್ಯಾಸ ಮಾಡುತ್ತಾರೆ.

ಇನ್ನೂ ಹೆಚ್ಚು ಜಾಗ ಬೇಕಾದಾಗ ಕಿವಿಯ ಹಿಂದಿನ ಮೂಳೆಯಿಂದ ಒಳಹೋಗುತ್ತಾರೆ. ಒಳಕಿವಿಯನ್ನು ಉಳಿಸಿಕೊಂಡು ಅದರ ಹಿಂದಿನಿಂದಷ್ಟೇ ಹೋಗುವುದು ಒಂದು ಹಂತ. ಅರ್ಧವೃತ್ತ ನಾಳಗಳನ್ನೂ ತೆಗೆದರೆ ಇನ್ನೊಂದು ಹಂತ, ಆಗ ಆ ಕಿವಿ ಪೂರ್ತಿ ಕಿವುಡು. ಕೇಳುವ ಸುರುಳಿಯನ್ನೂ ಕೊರೆದು, ಮುಖದ ನರವನ್ನು ಅದರ ಜಾಗದಿಂದ ಎತ್ತಿ ಸರಿಸಿದರೆ ಮೂರನೆಯದು. ಮುಖದ ಒಂದು ಬದಿಯಲ್ಲಿ ಬಲಹೀನತೆ ಬಹುತೇಕ ಖಚಿತ. ಪ್ರತಿ ಹಂತದಲ್ಲೂ ಕೆಲವು ಮಿಲಿಮೀಟರ್ ಜಾಗಕ್ಕೆ ಏನೋ ಒಂದನ್ನು ಬಿಟ್ಟುಕೊಡಬೇಕು. ಜೀವ ಉಳಿಯುವುದಾದರೆ ಒಂದು ಕಿವಿ ಹೋದರೂ ಸರಿ ಎನ್ನಬೇಕಾದ ಸಂದರ್ಭಗಳು ಇವೆ. ಆದರೆ ಈ ಮಾತು ಆಪರೇಷನ್‌ಗೆ ಮೊದಲೇ ರೋಗಿಗೆ ತಿಳಿದಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬುಡ. ವರ್ಟಿಬ್ರಲ್ ನಾಳ ಮತ್ತು ಅದರಿಂದ ಕಿರುಮೆದುಳಿಗೆ ಹೋಗುವ ಪೈಕಾ ಎಂಬ ಕವಲಿನ ಉಬ್ಬುಗಳಿಗೆ 'ಫಾರ್ ಲ್ಯಾಟರಲ್' ಎಂಬ ದಾರಿ. ಅಮೆರಿಕದ ರಾಬರ್ಟೊ ಹೆರೋಸ್ 1986ರಲ್ಲಿ ಇದನ್ನು ವಿವರಿಸಿ ಪ್ರಕಟಿಸಿದರು. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ತೆರೆಯುತ್ತಾರೆ. ಬುರುಡೆಯ ಹಿಂದಿನ ಕೆಳಭಾಗ, ಮೊದಲ ಕಶೇರುಕದ ಹಿಂಬದಿಯ ಅರ್ಧ ಕಮಾನು ತೆಗೆಯುತ್ತಾರೆ. ಆ ಕಮಾನಿನ ಮೇಲೇ ವರ್ಟಿಬ್ರಲ್ ನಾಳ ಬಾಗಿ ಹೋಗುವುದರಿಂದ ಅದನ್ನು ಮೊದಲು ಗುರುತಿಸಿ ಕಾಪಾಡಬೇಕು. ತಲೆ ಕತ್ತಿನ ಮೇಲೆ ಕೂರುವ ಗುಬುಟಿನಂಥ ಮೂಳೆ ಕಾಂಡೈಲ್. ಬೇಕಿದ್ದರೆ ಅದರ ಹಿಂದಿನ ಮೂರನೇ ಒಂದು ಭಾಗದವರೆಗೆ ಕೊರೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಹೋದರೆ ತಲೆ ಮತ್ತು ಕತ್ತಿನ ಕೀಲು ಅಲುಗಾಡತೊಡಗಿ, ರಾಡು ಮತ್ತು ಸ್ಕ್ರೂ ಹಾಕಿ ಬಿಗಿಯಬೇಕಾಗಬಹುದು. ಇಷ್ಟು ಮಾಡಿದರೆ ಮೆದುಳಿನ ಕಾಂಡವನ್ನು ಮುಟ್ಟದೆ ಅದರ ಪಕ್ಕದಿಂದ ಮುಂಭಾಗಕ್ಕೆ ನೋಡಬಹುದು. ಇಲ್ಲಿನ ಭಯ ನುಂಗುವ ನರಗಳದ್ದು. ಅವು ಜೇಡರ ಎಳೆಗಳಂತೆ ತೆಳು, ಸ್ವಲ್ಪ ಎಳೆದರೂ ಕೆಲಸ ನಿಲ್ಲಿಸುತ್ತವೆ. ದನಿ ಒಡೆಯುವುದು, ನೀರು ಕುಡಿದರೆ ನೆತ್ತಿಗೇರುವುದು, ಕೆಲಕಾಲ ಮೂಗಿನ ಕೊಳವೆಯಿಂದ ಆಹಾರ ಕೊಡಬೇಕಾಗುವುದು ಇದರಿಂದಲೇ.

ಮೂಗಿನೊಳಗಿಂದ ಎಂಡೋಸ್ಕೋಪ್ ತೂರಿಸಿ, ಕ್ಲೈವಸ್ ಕೊರೆದು ಮುಂದಿನಿಂದ ನೇರ ಬೇಸಿಲಾರ್‌ಗೆ ತಲುಪುವ ದಾರಿಯನ್ನೂ ಆಯ್ದ ಕೆಲವರಲ್ಲಿ ಬಳಸಿದ್ದಾರೆ. ಮೆದುಳಿನ ನೀರು ಮೂಗಿನಿಂದ ಸೋರುವುದು, ರಕ್ತಸ್ರಾವವಾದರೆ ಹಿಡಿತ ಸಿಗದಿರುವುದು ಅದರ ಮಿತಿಗಳು. ಗೆಡ್ಡೆಗಳಿಗೆ ಒಗ್ಗಿದಷ್ಟು ಅದು ಅನ್ಯೂರಿಸಂಗೆ ಒಗ್ಗಿಲ್ಲ.

## ಕ್ಲಿಪ್ ಹಾಕುವ ಗಳಿಗೆ

ಗಂಟೆಗಟ್ಟಲೆ ಮೂಳೆಯ ಕೆಲಸ ಮಾಡಿದ್ದೆಲ್ಲ ಕೆಲವು ನಿಮಿಷಗಳಿಗಾಗಿ. ಸೂಕ್ಷ್ಮದರ್ಶಕದಡಿ ಈಗ ಬೇಸಿಲಾರ್ ಬಡಿದುಕೊಳ್ಳುತ್ತಿರುವುದು ಕಾಣುತ್ತದೆ, ಅದರ ಮೇಲೆ ಉಬ್ಬು. ಗೋಡೆ ಎಷ್ಟು ತೆಳುವಾಗಿದೆಯೆಂದರೆ ಕೆಲವು ಕಡೆ ಒಳಗೆ ಸುಳಿಯುವ ರಕ್ತವೇ ಕಾಣುತ್ತದೆ. ಮೊದಲು ಹಿಡಿತದ ಜಾಗವನ್ನು ಸಿದ್ಧಪಡಿಸುತ್ತಾರೆ. ಬಳಿಕ ಕೆಳಗಿನ ನಾಳಕ್ಕೆ ಕೆಲವೇ ನಿಮಿಷ ತಾತ್ಕಾಲಿಕ ಕ್ಲಿಪ್ ಹಾಕುತ್ತಾರೆ. ಅದಕ್ಕೂ ಜಾಗವಿಲ್ಲದಿದ್ದರೆ ಅರಿವಳಿಕೆ ತಜ್ಞರು ಅಡೆನೊಸಿನ್ ಎಂಬ ಔಷಧ ಕೊಟ್ಟು ಹೃದಯದ ಬಡಿತವನ್ನೇ ಕೆಲವು ಸೆಕೆಂಡು ನಿಲ್ಲಿಸುತ್ತಾರೆ. ಉಬ್ಬು ಮೆತ್ತಗಾಗುತ್ತದೆ.

ಆಗ ಅದರ ಬೆನ್ನಿಗೆ ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಉಬ್ಬಿನ ಕತ್ತಿಗೂ ಅವಕ್ಕೂ ನಡುವೆ ಕ್ಲಿಪ್‌ನ ಒಂದು ಅಲಗು ಜಾರುವಷ್ಟು ಜಾಗ ಮಾಡಬೇಕು. ಟೈಟಾನಿಯಂ ಕ್ಲಿಪ್‌ನ ಎರಡು ಅಲಗುಗಳು ಕತ್ತಿನ ಎರಡೂ ಬದಿಗೆ ಸೇರಿ ಮುಚ್ಚಿಕೊಳ್ಳುತ್ತವೆ. ತಾತ್ಕಾಲಿಕ ಕ್ಲಿಪ್ ತೆಗೆಯುತ್ತಾರೆ. ರಕ್ತಕ್ಕೆ ಇಂಡೊಸಯನಿನ್ ಗ್ರೀನ್ ಎಂಬ ಬಣ್ಣ ಬಿಟ್ಟು ಸೂಕ್ಷ್ಮದರ್ಶಕದ ವಿಶೇಷ ಬೆಳಕಿನಲ್ಲಿ ನೋಡಿದರೆ ರಕ್ತ ಹರಿಯುವ ನಾಳಗಳು ಹೊಳೆಯುತ್ತವೆ. ಎರಡೂ ಕವಲು, ಪ್ರತಿಯೊಂದು ಎಳೆ ಹೊಳೆಯಬೇಕು, ಗುಮ್ಮಟ ಕಪ್ಪಾಗಿರಬೇಕು. ಒಂದು ಎಳೆ ಹೊಳೆಯದಿದ್ದರೂ ಕ್ಲಿಪ್ ತೆಗೆದು ಮತ್ತೆ ಹಾಕುತ್ತಾರೆ. ಈ ಹೊತ್ತಿನುದ್ದಕ್ಕೂ ಕೈಕಾಲುಗಳಿಂದ ಮೆದುಳಿಗೆ ಹೋಗುವ ವಿದ್ಯುತ್ ಸಂಕೇತಗಳನ್ನು ಇನ್ನೊಬ್ಬ ತಜ್ಞರು ಪರದೆಯ ಮೇಲೆ ಗಮನಿಸುತ್ತಿರುತ್ತಾರೆ. ಸಂಕೇತ ಕುಗ್ಗಿದರೆ ಆ ಕ್ಷಣವೇ ಹೇಳುತ್ತಾರೆ.

## ಈಗ ಹೆಚ್ಚಿನವರಿಗೆ ನಾಳದೊಳಗಿನ ದಾರಿ

ಮೂಳೆಯನ್ನೇ ಮುಟ್ಟದ ಇನ್ನೊಂದು ದಾರಿ ಇದೆ. ತೊಡೆಯ ಸಂದಿ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೆಳು ಕೊಳವೆ ತೂರಿಸಿ, ವರ್ಟಿಬ್ರಲ್ ನಾಳದ ಮೂಲಕ ಬೇಸಿಲಾರ್ ತಲುಪಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು. ಇದೇ ಕಾಯಿಲಿಂಗ್. ಇಟಲಿಯ ಗುಯಿಡೊ ಗುಲಿಯೆಲ್ಮಿ ರೂಪಿಸಿದ ಕಳಚಿಕೊಳ್ಳುವ ಕಾಯಿಲ್ ಅನ್ನು ಮೊದಲು ರೋಗಿಯಲ್ಲಿ ಬಳಸಿದ್ದು 1990ರಲ್ಲಿ. ಒಡೆದ ಅನ್ಯೂರಿಸಂ ಇದ್ದ 2,143 ರೋಗಿಗಳ ಐಸ್ಯಾಟ್ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಯಾದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಕಾಯಿಲ್ ಗುಂಪಿನಲ್ಲಿ ಸುಮಾರು 24. ಗಮನಿಸಬೇಕಾದ ಸಂಗತಿ, ಆ ರೋಗಿಗಳಲ್ಲಿ ಹಿಂದಿನ ರಕ್ತಸಂಚಾರದವರು ನೂರಕ್ಕೆ 3ಕ್ಕಿಂತ ಕಡಿಮೆ. ಅಲ್ಲಿಗೆ ಕಾಯಿಲೇ ವಾಸಿ ಎಂದು ಆ ಹೊತ್ತಿಗಾಗಲೇ ಹೆಚ್ಚಿನ ವೈದ್ಯರು ನಂಬಿದ್ದರಿಂದ ಅಂಥವರನ್ನು ಅಧ್ಯಯನಕ್ಕೆ ಸೇರಿಸುವುದೇ ಕಡಿಮೆಯಾಗಿತ್ತು. ಅಮೆರಿಕದ ಬ್ಯಾರೋ ಸಂಸ್ಥೆಯಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲೂ ಹಿಂದಿನ ಉಬ್ಬುಗಳಿಗೆ ಕಾಯಿಲ್ ಹೆಚ್ಚು ಒಳ್ಳೆಯ ಫಲ ಕೊಟ್ಟಿತು.

ಹೀಗಾಗಿ ಬೇಸಿಲಾರ್ ತುದಿಯ ಉಬ್ಬು ಎಂದರೆ ಈಗ ಮೊದಲು ಯೋಚಿಸುವುದು ಕಾಯಿಲಿಂಗ್ ಬಗ್ಗೆ. ಹಾಗಾದರೆ ಮೂಳೆ ಕೊರೆಯುವ ಕಲೆ ಏಕೆ ಬೇಕು? ಕೆಲವು ಉಬ್ಬುಗಳ ಕತ್ತು ಅಗಲ, ತುಂಬಿದ ಸುರುಳಿ ಹೊರಗೆ ಜಾರುತ್ತದೆ. ಇದಕ್ಕೆ ಸ್ಟೆಂಟ್ ಇಡಬಹುದು, ಆದರೆ ಸ್ಟೆಂಟ್ ಇಟ್ಟರೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಡಬೇಕು. ಈಗಷ್ಟೇ ರಕ್ತಸ್ರಾವವಾದವರಿಗೆ ಅದು ಅಪಾಯ. ಒತ್ತಾಗಿ ಹೆಣೆದ ಫ್ಲೋ ಡೈವರ್ಟರ್ ಎಂಬ ಜಾಲರಿ ಬೇಸಿಲಾರ್‌ನಲ್ಲಿ ಕೂದಲೆಳೆ ನಾಳಗಳ ಬಾಯನ್ನು ಮುಚ್ಚಿಬಿಡುವ ಭಯವಿದೆ. ಕೆಲವು ಉಬ್ಬುಗಳ ಗೋಡೆಯಿಂದಲೇ ಮುಖ್ಯ ಕವಲು ಹುಟ್ಟುತ್ತದೆ. ಪೈಕಾ ಉಬ್ಬುಗಳಲ್ಲಿ ಇದು ಸಾಮಾನ್ಯ. ಕವಲನ್ನು ಉಳಿಸಲು ಕ್ಲಿಪ್ಪೇ ಬೇಕಾಗುತ್ತದೆ, ಇಲ್ಲವೇ ಎಡ ಬಲದ ಎರಡು ಪೈಕಾಗಳನ್ನು ಪಕ್ಕಪಕ್ಕ ಹೊಲಿದು ರಕ್ತಕ್ಕೆ ಬದಲಿ ದಾರಿ ಮಾಡಬೇಕಾಗುತ್ತದೆ. ಕಾಯಿಲ್ ಹಾಕಿದ ಉಬ್ಬು ಮತ್ತೆ ತುಂಬಿಕೊಂಡು ಬೆಳೆಯುವುದೂ ಉಂಟು. ಸುಲಭದವು ಕಾಯಿಲ್‌ಗೆ ಹೋಗಿ, ಶಸ್ತ್ರವೈದ್ಯರ ಪಾಲಿಗೆ ಉಳಿಯುವುದು ಕಠಿಣವಾದವು. ಅಂಥ ಪ್ರಕರಣಗಳು ವರ್ಷಕ್ಕೆ ಬೆರಳೆಣಿಕೆಯಷ್ಟೇ ಬರುವ ಕಡೆ ಕೈ ಪಳಗುವುದು ಕಷ್ಟ. ಆದ್ದರಿಂದ ತುರ್ತು ಇಲ್ಲದಿದ್ದಾಗ, ಎರಡೂ ಬಗೆಯ ಚಿಕಿತ್ಸೆ ನಿಯಮಿತವಾಗಿ ನಡೆಯುವ ದೊಡ್ಡ ಕೇಂದ್ರದಲ್ಲಿ ಎರಡನೇ ಅಭಿಪ್ರಾಯ ಕೇಳುವುದು ಒಳ್ಳೆಯದು.

## ಮುಂದಿನ ದಿನಗಳು

ಒಡೆದ ಉಬ್ಬಾದರೆ ಅದನ್ನು ಮುಚ್ಚಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದ ನಡುವೆ ಸೋರಿದ ರಕ್ತದ ಪರಿಣಾಮವಾಗಿ ಮೆದುಳಿನ ನಾಳಗಳು ಸಂಕುಚಿತಗೊಂಡು ಪಾರ್ಶ್ವವಾಯು ಆಗಬಹುದು. ನಿಮೊಡಿಪಿನ್ ಮಾತ್ರೆಯನ್ನು 21 ದಿನ ಕೊಡುವುದು, ಚೆನ್ನಾಗಿದ್ದಂತೆ ಕಂಡರೂ ಐಸಿಯುನಲ್ಲಿ ಇರಿಸಿಕೊಳ್ಳುವುದು ಇದಕ್ಕೇ. ಮೆದುಳಿನ ನೀರಿನ ಹರಿವು ಕಟ್ಟಿಕೊಂಡರೆ ತಲೆಗೆ ತಾತ್ಕಾಲಿಕ ಕೊಳವೆ, ಕೆಲವರಿಗೆ ಶಾಶ್ವತವಾದ ಶಂಟ್ ಬೇಕಾಗುತ್ತದೆ. ಕೆನ್ನೆ ಮತ್ತು ಹಣೆಯ ಪಕ್ಕದ ಸ್ನಾಯು ಬಿಡಿಸಿದ್ದರೆ ಕೆಲವು ವಾರ ಬಾಯಿ ಪೂರ್ತಿ ತೆರೆಯಲು ನೋವಾಗುತ್ತದೆ. ಬಾಯಿ ತೆರೆಯುವ ವ್ಯಾಯಾಮ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಮೂಗಿನಿಂದಲೋ ಗಾಯದಿಂದಲೋ ತಿಳಿನೀರು ಒಸರಿದರೆ ಶೀತ ಎಂದುಕೊಂಡು ಸುಮ್ಮನಿರದೆ ಅಂದೇ ವೈದ್ಯರಿಗೆ ತಿಳಿಸಬೇಕು, ಅದು ಮೆದುಳಿನ ನೀರಾಗಿರಬಹುದು.

ಈಗ ಬಳಸುವ ಟೈಟಾನಿಯಂ ಕ್ಲಿಪ್‌ಗಳೊಂದಿಗೆ ಎಂಆರ್‌ಐ ಮಾಡಿಸಬಹುದು. ಹಳೆಯ ಕೆಲವು ಉಕ್ಕಿನ ಕ್ಲಿಪ್‌ಗಳೊಂದಿಗೆ ಮಾಡಿಸಿದರೆ ಅಯಸ್ಕಾಂತದ ಸೆಳೆತಕ್ಕೆ ಅವು ಅಲುಗುವ ಅಪಾಯವಿದೆ. ಹಾಗಾಗಿ ಬಿಡುಗಡೆ ಪತ್ರದಲ್ಲಿ ಕ್ಲಿಪ್‌ನ ತಯಾರಕರು, ಮಾದರಿ, ಹಾಕಿದ ದಿನಾಂಕ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಮನೆಯವರ ಫೋನಿನಲ್ಲೂ ಇಟ್ಟುಕೊಳ್ಳಿ.